ಚಾರ್ಜರ್‌ನಲ್ಲಿ 8.38 ಇತ್ತು, ಆದರೂ ಪ್ಯಾಕ್ ಹೊತ್ತಿಕೊಂಡಿತು

ಚಾರ್ಜರ್ ಪರದೆ ಮೇಲೆ 8.38 ಅಂತ ಇತ್ತು. ಅದನ್ನು ನೋಡಿಯೇ ನಾನು ಮನೆಯಿಂದ ಹೊರಗೆ ಹೋದೆ. ನನ್ನ ಆರ್‌ಸಿ, ಅಂದರೆ ರಿಮೋಟ್ ಕಾರಿನ ಬ್ಯಾಟರಿ ಅದು. ಎರಡು ಸೆಲ್‌ಗಳ ಲೈಪೋ (ಲಿಥಿಯಂ ಪಾಲಿಮರ್) ಪ್ಯಾಕ್ ಪೂರ್ತಿ ತುಂಬಿದಾಗ 8.40 ವೋಲ್ಟ್ ಇರಬೇಕು. ಇನ್ನೇನು ಆಯಿತು ಅಂದುಕೊಂಡೆ. ಬೀದಿ ತುದಿಯ ಬಂಡಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡು ವಾಪಸ್ ಬರುವಷ್ಟರಲ್ಲಿ ನಮ್ಮ ಪಡಸಾಲೆಯ ಕಿಟಕಿಯಿಂದ ಬಿಳಿ ಹೊಗೆ ಬರುತ್ತಿತ್ತು.

ಅಮ್ಮ ಒಳಗೆ ಅಡುಗೆಮನೆಯಲ್ಲಿದ್ದಳು. ಮೊದಲು ಅವಳನ್ನು ಹಿಂಬಾಗಿಲಿಂದ ಹೊರಗೆ ಕರೆತಂದೆ. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿದೆ. ಅಷ್ಟರಲ್ಲಿ ಪಕ್ಕದ ಮನೆ ಅಣ್ಣ ಎದುರಿನ ಮನೆ ಕಟ್ಟಲು ಹಾಕಿದ್ದ ಉಸುಕನ್ನು ಬುಟ್ಟಿಯಲ್ಲಿ ತುಂಬಿ ತಂದಿದ್ದರು. ಮೂರು ಬುಟ್ಟಿ ಉಸುಕು ಸುರಿದ ಮೇಲೆ ಉರಿ ಕುಗ್ಗಿತು. ಮೇಜು ಸುಟ್ಟಿತ್ತು. ಪಕ್ಕದ ಮಂಚದ ಮೇಲಿದ್ದ, ಅಜ್ಜಿ ಹೊಲಿದ ಕೌದಿ ಅರ್ಧ ಸುಟ್ಟಿತ್ತು. ಗೋಡೆ ಸೂರಿನವರೆಗೂ ಕಪ್ಪಾಗಿತ್ತು. ಅಮ್ಮನಿಗೆ ಎರಡು ದಿನ ಕೆಮ್ಮು ನಿಲ್ಲಲಿಲ್ಲ, ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿಸಬೇಕಾಯಿತು. ಲೈಪೋ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಇರುತ್ತದೆ. ಅದನ್ನು ಕುಡಿದುಕೊಂಡು ಬೆಂಕಿ ಆರಿಸಲು ಯಾರೂ ನಿಲ್ಲಬೇಡಿ. ವಸ್ತು ಹೋದರೆ ಹೋಗಲಿ.

ಬಳ್ಳಾರಿಯಲ್ಲಿ ನಮ್ಮದು ಸಣ್ಣ ಗುಂಪು. ಭಾನುವಾರ ಊರ ಹೊರಗಿನ ಕೆಂಪು ಮಣ್ಣಿನ ಬಯಲಲ್ಲಿ ಆರ್‌ಸಿ ಕಾರು ಓಡಿಸುತ್ತೇವೆ. ಈಗ ಹೊಸ ಹುಡುಗರೂ ಬರುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ನನ್ನ ಹಾಗೆಯೇ ಚಾರ್ಜ್ ಮಾಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹತ್ತಿರ ಒಂದೇ ದಿನ ತಗೊಂಡ ಎರಡು ಪ್ಯಾಕ್ ಇದ್ದವು, ಎರಡೂ 5000 ಎಂಎಎಚ್. ಪ್ಯಾಕ್‌ನಿಂದ ದಪ್ಪ ವೈರ್ ಜೊತೆಗೆ ಮೂರು ತೆಳು ವೈರ್ ಇರುವ ಬಿಳಿ ಪ್ಲಗ್ ಒಂದು ಬರುತ್ತದಲ್ವಾ, ಅದೇ ಬ್ಯಾಲೆನ್ಸ್ ಪ್ಲಗ್. ಒಂದು ಪ್ಯಾಕ್‌ನಲ್ಲಿ ಅದರ ನಡುವಿನ ವೈರ್ ಕಿತ್ತು ಬಂದಿತ್ತು. ಪ್ಲಗ್ ಹಿಡಿಯದೆ ವೈರ್ ಹಿಡಿದು ಎಳೆಯುತ್ತಿದ್ದೆ, ಹಾಗಾಗಿ. ಆ ಪ್ಲಗ್‌ನಿಂದ ಒಂದೊಂದೇ ಸೆಲ್ ಅಳೆದು ಸಮ ಮಾಡುವ ಬ್ಯಾಲೆನ್ಸ್ ಮೋಡ್‌ನಲ್ಲಿ ಹಾಕಿದರೆ ಚಾರ್ಜರ್ ಎರರ್ ತೋರಿಸಿ ನಿಂತುಬಿಡುತ್ತಿತ್ತು. ತಗೊಂಡ ಅಂಗಡಿಯಲ್ಲಿ ಕೇಳಿದೆ. "ಏನೂ ಆಗಲ್ಲಣ್ಣ, ಬ್ಯಾಲೆನ್ಸ್ ಯಾವಾಗಾದರೂ ಒಮ್ಮೆ ಮಾಡಿದ್ರೆ ಸಾಕು. ಪಕ್ಕದ ಮೋಡ್‌ನಲ್ಲಿ ಹಾಕಿ" ಅಂದರು. ಆ ಮೋಡ್‌ನಲ್ಲಿ ದಪ್ಪ ವೈರ್ ಮಾತ್ರ ಸಾಕಿತ್ತು, ಬೇಗನೂ ಮುಗಿಯುತ್ತಿತ್ತು. ಮೂರು ತಿಂಗಳು ಎರಡೂ ಪ್ಯಾಕ್ ಹಾಗೇ ಚಾರ್ಜ್ ಮಾಡಿದೆ.

ಸುಟ್ಟ ಪ್ಯಾಕ್‌ನಿಂದ ಏನೂ ತಿಳಿಯುವಂತಿರಲಿಲ್ಲ. ಆದರೆ ಅದರ ಜೋಡಿ ಪ್ಯಾಕ್ ಅದೇ ಸಂಜೆ ಮೊದಲೇ ಚಾರ್ಜ್ ಆಗಿ ಮಾಳಿಗೆ ಮೆಟ್ಟಿಲ ಮೇಲಿತ್ತು. ಗೆಳೆಯ ಸೆಲ್ ಚೆಕರ್ ತಂದು ಅದರ ಬ್ಯಾಲೆನ್ಸ್ ಪ್ಲಗ್‌ಗೆ ಹಾಕಿದ. ಒಂದು ಸೆಲ್ 4.31, ಇನ್ನೊಂದು 4.08. ಕೂಡಿಸಿದರೆ 8.39! ಒಟ್ಟು ವೋಲ್ಟೇಜ್ ಮಾತ್ರ ನೋಡುತ್ತಿದ್ದ ಚಾರ್ಜರ್ ಲೆಕ್ಕದಲ್ಲಿ ಎಲ್ಲ ಸರಿ. ಆದರೆ ಮಾಮೂಲಿ ಲೈಪೋ ಸೆಲ್ 4.20 ದಾಟಲೇಬಾರದು. ದಾಟಿದರೆ ಒಳಗೆ ಬಿಸಿ ಏರುತ್ತದೆ, ಗ್ಯಾಸ್ ಆಗುತ್ತದೆ, ಸೆಲ್ ಊದುತ್ತದೆ. ಒಳಗಿರುವ ದ್ರವ ಬೆಂಕಿ ಹಿಡಿಯುವಂಥದ್ದು. ಸುಟ್ಟ ಪ್ಯಾಕ್‌ನಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ ಇದ್ದಿರಬೇಕು ಅಂತ ನನ್ನ ಅಂದಾಜು.

ಎರಡು ಸೆಲ್ ಒಂದೇ ತರಹ ಹಳೆಯದಾಗುವುದಿಲ್ಲ. ಒಂದು ಬೇಗ ಸೋಲುತ್ತದೆ. ಸೋತ ಸೆಲ್‌ನಲ್ಲಿ ಕಡಿಮೆ ಹಿಡಿಸುತ್ತದೆ, ಹಾಗಾಗಿ ಚಾರ್ಜ್ ಆಗುವಾಗ ಅದೇ ಮೊದಲು ತುಂಬಿ ಮೇಲೇರುತ್ತದೆ. ಓಡಿಸುವಾಗ ಅದೇ ಮೊದಲು ಖಾಲಿಯಾಗಿ ಕೆಳಗಿಳಿಯುತ್ತದೆ. ಕಾರಿನ ಇಎಸ್‌ಸಿಯಲ್ಲಿ (ಮೋಟರ್ ವೇಗ ನಿಯಂತ್ರಿಸುವ ಸರ್ಕ್ಯೂಟ್) ಬ್ಯಾಟರಿ ಇಳಿದರೆ ನಿಲ್ಲಿಸುವ ಕಟ್‌ಆಫ್ ಇದೆಯಲ್ಲ ಅಂತ ನಾನೂ ನಂಬಿದ್ದೆ. ಹೆಚ್ಚಿನ ಇಎಸ್‌ಸಿಗಳು ನೋಡುವುದೂ ಒಟ್ಟು ವೋಲ್ಟೇಜನ್ನೇ. 6.4ಕ್ಕೆ ನಿಲ್ಲಿಸು ಅಂತ ಇಟ್ಟರೆ ಒಂದು ಸೆಲ್ 3.5, ಇನ್ನೊಂದು 2.9 ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. 3 ವೋಲ್ಟ್‌ಗಿಂತ ಕೆಳಗೆ ಹೋದ ಸೆಲ್ ಇನ್ನಷ್ಟು ಹಾಳಾಗುತ್ತದೆ. ಹೀಗೆ ಪ್ರತಿ ಭಾನುವಾರ ಆ ಒಂದು ಸೆಲ್‌ಗೆ ಎರಡು ಕಡೆಯಿಂದಲೂ ಪೆಟ್ಟು ಬೀಳುತ್ತಿತ್ತು. ಬ್ಯಾಲೆನ್ಸ್ ಪ್ಲಗ್ ಹಾಕಿದ್ದರೆ ಚಾರ್ಜರ್ ಒಂದೊಂದೇ ಸೆಲ್ ಅಳೆಯುತ್ತಿತ್ತು. ಮುಂದೆ ಓಡಿದ ಸೆಲ್‌ನಿಂದ ಸ್ವಲ್ಪ ಸ್ವಲ್ಪವೇ ಕರೆಂಟ್ ಇಳಿಸಿ ಎರಡನ್ನೂ ಸಮ ಮಾಡುತ್ತಿತ್ತು. ಅದಕ್ಕೇ ಆ ಮೋಡ್‌ನಲ್ಲಿ ಹೊತ್ತು ಜಾಸ್ತಿ ಹಿಡಿಯುವುದು.

ಮುನ್ಸೂಚನೆ ಇತ್ತು. ಎರಡು ವಾರದಿಂದ ಆ ಸುಟ್ಟ ಪ್ಯಾಕ್ ಕಾರಿನ ಜಾಗದಲ್ಲಿ ಬಿಗಿಯಾಗಿ ಕೂರುತ್ತಿತ್ತು, ಒತ್ತಿ ಕೂರಿಸುತ್ತಿದ್ದೆ. ರೇಸಿಂಗ್ ಪ್ಯಾಕ್‌ಗೆ ಗಟ್ಟಿ ಪ್ಲಾಸ್ಟಿಕ್ ಕವಚ ಇರುವುದರಿಂದ ಒಳಗೆ ಊದಿದ್ದು ಕಣ್ಣಿಗೆ ಕಾಣುವುದಿಲ್ಲ. ಕವಚದ ಅಂಚು ಕೂದಲೆಳೆಯಷ್ಟು ಬಿಟ್ಟಿತ್ತು. ಅದನ್ನು ಬಿದ್ದ ಪೆಟ್ಟು ಅಂದುಕೊಂಡಿದ್ದೆ.

ಇನ್ನೊಂದು, ನಮ್ಮ ಬಿಸಿಲು. ಅದು ಮೇ ತಿಂಗಳು. ನಮ್ಮ ಕಡೆ ಮೇನಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಓಡಿಸಿ ಬಿಸಿಯಾಗಿದ್ದ ಪ್ಯಾಕನ್ನು ಮನೆಗೆ ತಂದು ಹತ್ತು ನಿಮಿಷಕ್ಕೆ ಚಾರ್ಜ್‌ಗೆ ಹಾಕಿದ್ದೆ. ಕೈಗೆ ಬೆಚ್ಚಗೆ ತಾಕುತ್ತಿದ್ದರೂ ಕಾಯಬೇಕು. ಈಗ ನೆರಳಲ್ಲಿ ಒಂದು ಗಂಟೆ ಇಟ್ಟು, ತಣ್ಣಗಾಗಿದೆ ಅಂತ ಮುಟ್ಟಿ ನೋಡಿದ ಮೇಲೆಯೇ ಹಾಕುತ್ತೇನೆ. 5000ದ ಪ್ಯಾಕ್‌ಗೆ 5 ಆಂಪ್, ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಚಾರ್ಜ್ ಮಾಡುವ ಜಾಗವೂ ಬದಲಾಗಿದೆ. ಹಿತ್ತಲಲ್ಲಿ ಕಡಪ ಬಂಡೆ ಮೇಲೆ ಅಗಲ ಬಾಯಿಯ ಮಣ್ಣಿನ ಗಡಿಗೆ, ಅದರೊಳಗೆ ಪ್ಯಾಕ್, ಪಕ್ಕದಲ್ಲಿ ಒಂದು ಬಕೆಟ್ ಒಣ ಉಸುಕು. ಗಡಿಗೆಯ ಬಾಯಿ ಮುಚ್ಚುವುದಿಲ್ಲ. ನಾನು ಅಲ್ಲೇ ಕೂತಿರುತ್ತೇನೆ. ಓಡಿಸದ ವಾರಗಳಲ್ಲಿ ಪ್ಯಾಕ್ ತುಂಬಿಸಿ ಇಡುವುದಿಲ್ಲ, ಸ್ಟೋರೇಜ್ ಮೋಡ್‌ನಲ್ಲಿ ಪ್ರತಿ ಸೆಲ್ ಸುಮಾರು 3.8ಕ್ಕೆ ತಂದು ಇಡುತ್ತೇನೆ.

ಆಟಿಕೆ ಕಾರಿನಿಂದ ಈಗಷ್ಟೇ ಲೈಪೋಗೆ ಬಂದ ತಮ್ಮಂದಿರಿಗೆ ಇನ್ನೊಂದು ಮಾತು. ನಿಮ್ಮ ಹಳೇ ಬ್ಯಾಟರಿ ನಿಕಲ್‌ನದು ಇರಬಹುದು. ಚಾರ್ಜರ್ ಆ ಮೋಡ್‌ನಲ್ಲೇ ಉಳಿದಿದ್ದರೆ ಲೈಪೋ ಹಾಕಲೇಬೇಡಿ. ನಿಕಲ್ ಬ್ಯಾಟರಿ ತುಂಬಿದಾಗ ವೋಲ್ಟೇಜ್ ಸ್ವಲ್ಪ ಇಳಿಯುತ್ತದೆ, ಚಾರ್ಜರ್ ಆ ಇಳಿತಕ್ಕೆ ಕಾಯುತ್ತದೆ. ಲೈಪೋದಲ್ಲಿ ಅಂಥ ಇಳಿತ ಬರುವುದೇ ಇಲ್ಲ. ಸುಮ್ನೆ ಏರುತ್ತಲೇ ಹೋಗುತ್ತದೆ.

ಸೆಲ್ ಚೆಕರ್‌ಗೆ ದೊಡ್ಡ ಖರ್ಚಿಲ್ಲ. ಅದೂ ಇಲ್ಲದಿದ್ದರೆ ಮಲ್ಟಿಮೀಟರ್ ಸಾಕು. ಬ್ಯಾಲೆನ್ಸ್ ಪ್ಲಗ್‌ನ ಕಪ್ಪು ವೈರ್ ಮತ್ತು ನಡುವಿನ ವೈರ್ ಮಧ್ಯೆ ಒಂದು ಸೆಲ್, ನಡುವಿನದು ಮತ್ತು ಕೆಂಪಿನ ಮಧ್ಯೆ ಇನ್ನೊಂದು. ಮೀಟರ್‌ನ ಎರಡು ಮೊನೆ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಚಾರ್ಜ್ ಆದ ಮೇಲೆ 0.02, 0.03 ವ್ಯತ್ಯಾಸ ಇದ್ದರೆ ನಾನು ಚಿಂತೆ ಮಾಡುವುದಿಲ್ಲ. 0.1 ಮುಟ್ಟಿದರೆ ಆ ಪ್ಯಾಕ್ ಓಡಿಸುವುದಿಲ್ಲ. ಬ್ಯಾಲೆನ್ಸ್ ಮಾಡಿದ ಮೇಲೂ ಮತ್ತೆ ಅಷ್ಟೇ ಬಂದರೆ ಅದರ ಆಸೆ ಬಿಡುತ್ತೇನೆ.

ಉಳಿದ ಆ ಜೋಡಿ ಪ್ಯಾಕ್‌ಗೆ ಹಿತ್ತಲಲ್ಲೇ ಹಳೇ ಬೈಕ್‌ನ ಹೆಡ್‌ಲೈಟ್ ಬಲ್ಬ್ ಕಟ್ಟಿ ಪೂರ್ತಿ ಖಾಲಿ ಮಾಡಿದೆ. ಈಗ ಅದು ಉಸುಕು ತುಂಬಿದ ಡಬ್ಬಿಯಲ್ಲಿದೆ, ಇ-ವೇಸ್ಟ್‌ಗೆ ಕೊಡಬೇಕು. ನಿಮ್ಮದನ್ನು ಅಳೆಯಲು ಏನೂ ಇಲ್ಲದಿದ್ದರೆ ಭಾನುವಾರ ಬೆಳಿಗ್ಗೆ ಬಯಲಿಗೆ ಪ್ಯಾಕ್ ತನ್ನಿ. ನನ್ನ ಚೆಕರ್ ಜೇಬಲ್ಲೇ ಇರುತ್ತದೆ.