ಗ್ರಾಂಡೆ ದ್ವೀಪದಲ್ಲಿ ಗೈಡ್ ಜೊತೆ ಡೈವಿಂಗ್: ಆರು ಸೀಸನ್ ಕಳೆದ ಮೇಲೆ

ಹುಬ್ಬಳ್ಳಿಯಿಂದ ವಾಸ್ಕೋಗೆ ಬಂದು ಹನ್ನೆರಡು ವರ್ಷವಾಯಿತು. ಗಂಡನಿಗೆ ಬಂದರಿನಲ್ಲಿ ಕೆಲಸ, ನನಗೆ ಬ್ಯಾಂಕಿನಲ್ಲಿ. 2018ರ ನವೆಂಬರಿನಲ್ಲಿ ಇಲ್ಲಿಯದೇ ಒಂದು ಡೈವ್ ಶಾಪ್‌ನಲ್ಲಿ ಸ್ಕೂಬಾ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿ, ಪ್ರಮಾಣಪತ್ರದ ಕಾರ್ಡ್ ತೆಗೆದುಕೊಂಡೆ. ಅಂದಿನಿಂದ ಅವರ ದೋಣಿಯಲ್ಲೇ ವಾಸ್ಕೋ ಹತ್ತಿರದ ಕಡಲಿನಲ್ಲಿರುವ ಗ್ರಾಂಡೆ ದ್ವೀಪಕ್ಕೆ ಹೋಗುತ್ತಿದ್ದೇನೆ. ಲಾಗ್ ಬುಕ್ ತೆರೆದು ಎಣಿಸಿದರೆ ಆರು ಸೀಸನ್, 29 ಟ್ರಿಪ್, 58 ಡೈವ್. ಶಾಪ್ ಹೆಸರು ಹೇಳುವುದಿಲ್ಲ. ಮೆಚ್ಚುಗೆಯೂ ಇದೆ, ದೂರೂ ಇದೆ, ಎರಡನ್ನೂ ಮನಸ್ಸು ಬಿಚ್ಚಿ ಬರೆಯಬೇಕಾದರೆ ಹೆಸರು ಬಿಡುವುದೇ ಸರಿ. ಮುಂಬೈ, ಪುಣೆ, ಬೆಂಗಳೂರಿನಿಂದ ಕಾರ್ಡ್ ಹಿಡಿದುಕೊಂಡು ಬರುವವರು ಯಾವ ಶಾಪ್‌ಗೆ ಹೋದರೂ ಈ ಮಾತು ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಗೋವಾದಲ್ಲಿ ಸ್ಕೂಬಾ ಎಂದರೆ ಹೆಚ್ಚಿನವರ ಕಣ್ಣಮುಂದೆ ಬರುವುದು ಬೀಚಿನ ಬೋರ್ಡುಗಳಲ್ಲಿರುವ ಪ್ಯಾಕೇಜು: ದೋಣಿ, ಊಟ, ಡಾಲ್ಫಿನ್, ನೀರೊಳಗಿನ ವಿಡಿಯೋ. ಅಲ್ಲಿ ಈಜು ಬಾರದವರನ್ನೂ ಇನ್‌ಸ್ಟ್ರಕ್ಟರ್ ಹಿಂದಿನಿಂದ ಹಿಡಿದುಕೊಂಡು ಕೆಲವು ನಿಮಿಷ ಕೆಳಗಿಳಿಸಿ ತರುತ್ತಾರೆ. ಅದೂ ಒಳ್ಳೆಯದೇ, ನನ್ನ ತಂಗಿಗೆ ಕಡಲಿನ ಹುಚ್ಚು ಹಿಡಿದದ್ದು ಹಾಗೆಯೇ. ಆದರೆ ಕಾರ್ಡ್ ಇದ್ದವರ ಟ್ರಿಪ್ಪೇ ಬೇರೆ. ನಮ್ಮ ಟ್ಯಾಂಕ್ ನಾವೇ ಕಟ್ಟಿಕೊಳ್ಳುತ್ತೇವೆ, ನಮ್ಮ ಗಾಳಿಯ ಲೆಕ್ಕ ನಾವೇ ನೋಡುತ್ತೇವೆ, ಜೊತೆಗಾರನ ಮೇಲೆ ನಾವೇ ಕಣ್ಣಿಡುತ್ತೇವೆ. ಗೈಡ್ ದಾರಿ ತೋರಿಸುತ್ತಾನೆ, ಕೈ ಹಿಡಿಯುವುದಿಲ್ಲ. ಈ ಎರಡು ಗುಂಪನ್ನು ಒಂದೇ ದೋಣಿಯಲ್ಲಿ ತುಂಬಿದರೆ ಇಬ್ಬರಿಗೂ ಸುಖವಿಲ್ಲ. ಮೊದಲ ಸಲ ಇಳಿಯುವವರ ಸರದಿ ಮುಗಿಯುವ ತನಕ ನಾವು ವೆಟ್‌ಸೂಟಿನಲ್ಲಿ ಬೆವರುತ್ತಾ ಕೂರಬೇಕು. ಬುಕ್ ಮಾಡುವಾಗಲೇ ‘ಕಾರ್ಡ್ ಇದ್ದವರಿಗೆ ಬೇರೆ ದೋಣಿ ಇದೆಯೇ’ ಎಂದು ಕೇಳಿ. ನಮ್ಮ ಶಾಪ್‌ನವರು ಭಾನುವಾರ ಮಾತ್ರ ಬೇರೆ ದೋಣಿ ಬಿಡುತ್ತಾರೆ.

ದೋಣಿ ಹತ್ತುವುದು ಬೈನಾ ಕಡಲತೀರದಿಂದ. ಮೊಣಕಾಲು ನೀರಿನಲ್ಲಿ ನಡೆದು ಹತ್ತಬೇಕು. ಬೈನಾದಲ್ಲಿ ಚಹಾದ ಗಾಡಿಯವನಿಂದ ಹಿಡಿದು ದೋಣಿ ತಳ್ಳುವವರ ತನಕ ಅರ್ಧಕ್ಕರ್ಧ ಜನ ನಮ್ಮ ಕಡೆಯವರು, ಬಾಗಲಕೋಟೆ, ಗದಗ, ವಿಜಯಪುರದವರು. ‘ಏನಕ್ಕಾ, ಇವತ್ತ ಎಷ್ಟ ಆಳ?’ ಎಂದು ಕೇಳಿಯೇ ಕಳಿಸುತ್ತಾರೆ.

ಇಲ್ಲಿಯ ನೀರಿನ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಗ್ರಾಂಡೆ ಅಂಡಮಾನ್ ಅಲ್ಲ. ಜುವಾರಿ ನದಿ ಕಡಲು ಸೇರುವುದು ಇಲ್ಲೇ ಪಕ್ಕದಲ್ಲಿ, ಅದು ತರುವ ಕೆಸರು ಅಕ್ಟೋಬರ್ ಕಳೆದರೂ ಪೂರ್ತಿ ತಳ ಹಿಡಿದಿರುವುದಿಲ್ಲ. ನೀರು ಹಸಿರು. ನಾನು ಬರೆದಿಟ್ಟುಕೊಂಡ ಲೆಕ್ಕದಲ್ಲಿ ಒಳ್ಳೆಯ ದಿನ ಎಂಟು ಮೀಟರ್ ದೂರ ಕಾಣುತ್ತದೆ, ಸಾಧಾರಣ ದಿನ ನಾಲ್ಕೈದು, ಕೆಟ್ಟ ದಿನ ನಮ್ಮ ಕಾಲಿನ ಫಿನ್ಸ್ ನಮಗೇ ಮಸುಕು. ಮುರ್ಡೇಶ್ವರದ ಆಚೆಯ ನೇತ್ರಾಣಿಗೆ ಎರಡು ಸಲ ಹೋಗಿದ್ದೆ, ಅಲ್ಲಿ ನೀರು ಇದಕ್ಕಿಂತ ತಿಳಿ. ಅಂಡಮಾನಿನ, ಈಗ ಸ್ವರಾಜ್ ದ್ವೀಪ್ ಎನ್ನುವ ಹ್ಯಾವ್‌ಲಾಕ್‌ನಲ್ಲಿ ಕೆಳಗಿಳಿದ ಮೊದಲ ದಿನ ಆ ನೀಲಿ ಕಂಡು ಮಾಸ್ಕಿನೊಳಗೇ ಕಣ್ಣು ತುಂಬಿತ್ತು. ಹೋಲಿಸುತ್ತಾ ಕುಳಿತರೆ ಗ್ರಾಂಡೆಗೆ ಯಾರೂ ಬರುವುದಿಲ್ಲ. ಆದರೆ ಹಸಿರು ನೀರಿಗೆ ಅದರದೇ ಗುಣವಿದೆ. ದೂರ ಕಾಣದಿದ್ದಾಗ ಹತ್ತಿರದ್ದನ್ನು ನೋಡುವುದು ಅಭ್ಯಾಸವಾಗುತ್ತದೆ. ಮುಳುಗಿದ ಹಳೆಯ ಹಡಗಿನ ತುಕ್ಕು ಹಿಡಿದ ಹಲಗೆಯ ಕೆಳಗೆ ಗೋಬ್ರ ಮೀನು ಬಾಯಿ ಆಡಿಸುತ್ತಾ ನಿಂತಿರುವುದು, ಹೆಬ್ಬೆರಳಿನಷ್ಟಿರುವ ನ್ಯೂಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು) ಕಲ್ಲಿನ ಮೇಲೆ ಹರಿಯುವುದು, ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ನಮ್ಮನ್ನು ಕಂಡು ಮೈಬಣ್ಣ ಬದಲಿಸುವುದು, ಇವನ್ನೆಲ್ಲ ನಾನು ಕಣ್ಣೆದುರಿಗೇ ನೋಡಿದ್ದು ಇಲ್ಲಿ. ಹೆಚ್ಚಿನ ಜಾಗಗಳು 18 ಮೀಟರಿನೊಳಗೇ ಇವೆ, ಓಪನ್ ವಾಟರ್ ಕಾರ್ಡ್ ಸಾಕು.

ಈಗ ಗೈಡ್ ವಿಷಯ. ನಾನು ದುಡ್ಡು ಕೊಡುವುದೇ ಅದಕ್ಕೆ.

ನಮ್ಮ ಗೈಡ್ ಹೊನ್ನಾವರದ ಕಡೆಯ ಮೀನುಗಾರರ ಮನೆಯ ಹುಡುಗ. ಮೊದಲು ನೇತ್ರಾಣಿಯಲ್ಲಿ ಕೆಲಸ ಮಾಡುತ್ತಿದ್ದ. ನಾನು ಅವನಿಗೆ ಅಕ್ಕ, ಅವನು ನನಗೆ ತಮ್ಮ. ಶನಿವಾರ ಸಂಜೆ ಫೋನ್ ಮಾಡಿದರೆ ಅವನ ಮೊದಲ ಪ್ರಶ್ನೆ ಪ್ರತಿ ಸಲವೂ ಒಂದೇ: ‘ಅಕ್ಕಾ, ಕೊನೇ ಡೈವ್ ಯಾವಾಗ ಮಾಡಿದ್ದು?’ ಅವನ ಜೊತೆಯೇ ಮಾಡಿದ್ದರೂ ಕೇಳುತ್ತಾನೆ. ಶೀತ ಇದೆಯಾ, ಕಿವಿ ಕಟ್ಟಿದೆಯಾ, ಹೊಸ ಮಾತ್ರೆ ಏನಾದರೂ ತಗೊಳ್ತಿದ್ದೀರಾ ಎಂದು ಕೇಳುತ್ತಾನೆ. ಬೆಳಿಗ್ಗೆ ದೋಣಿಯಲ್ಲಿ ಟ್ಯಾಂಕಿನ ಬಾಯಿಯ ರಬ್ಬರ್ ಉಂಗುರದ ಮೇಲೆ ಬೆರಳು ಸುತ್ತಿಸಿ ಸೀಳು ಇದೆಯೇ ನೋಡುತ್ತಾನೆ. ವಾಲ್ವ್ ಒಂದು ಕ್ಷಣ ತೆರೆದು ಗಾಳಿಯ ವಾಸನೆ ನೋಡುತ್ತಾನೆ, ಎಣ್ಣೆಯ ಕಮಟು ಇದ್ದರೆ ಆ ಟ್ಯಾಂಕ್ ಪಕ್ಕಕ್ಕೆ. (ಊರಿನವರೆಲ್ಲ ಅದನ್ನು ಆಕ್ಸಿಜನ್ ಸಿಲಿಂಡರ್ ಎನ್ನುತ್ತಾರೆ. ಅದರಲ್ಲಿರುವುದು ನಾವು ಉಸಿರಾಡುವ ಇದೇ ಗಾಳಿ, 200 ಬಾರ್ ಒತ್ತಡದಲ್ಲಿ ಅದುಮಿ ತುಂಬಿದ್ದು.)

2022ರ ಫೆಬ್ರವರಿಯ ಒಂದು ಡೈವ್ ಹೇಳಬೇಕು. ಲಾಕ್‌ಡೌನ್ ಆದ ಮೇಲೆ ಸುಮಾರು ಎರಡು ವರ್ಷ ನೀರಿಗಿಳಿದಿರಲಿಲ್ಲ. ಅವನು ನೇರವಾಗಿ ಕರೆದುಕೊಂಡು ಹೋಗಲಿಲ್ಲ, ಒಂದು ದಿನ ಈಜುಕೊಳದಲ್ಲಿ ಮಾಸ್ಕ್ ತೆಗೆದು ಹಾಕುವುದು, ಟ್ಯಾಂಕಿನ ಗಾಳಿ ಎಳೆದುಕೊಳ್ಳುವ ರೆಗ್ಯುಲೇಟರ್ ಬಾಯಿಂದ ಬಿಟ್ಟು ಮತ್ತೆ ಹಿಡಿಯುವುದು ಎಲ್ಲ ಮತ್ತೆ ಮಾಡಿಸಿದ. ಬೇಸರವಾಗಿತ್ತು. ಮುಂದಿನ ವಾರ ಹತ್ತು ಮೀಟರ್ ಆಳದಲ್ಲಿ ಅಲೆಯ ತೂಗಿಗೆ ಮೈ ವಾಲಿ, ಆಸರೆಗೆಂದು ಒಂದು ಬಂಡೆಯತ್ತ ಕೈ ಚಾಚಿದೆ. ಬೆರಳು ಇನ್ನೇನು ತಾಗಬೇಕು, ಅವನು ಮಣಿಕಟ್ಟು ಹಿಡಿದ. ಇನ್ನೊಂದು ಕೈಯಿಂದ ಟಾರ್ಚ್ ಬೆಳಕು ಬಿಟ್ಟ. ಬಂಡೆಗೆ ಕಣ್ಣಿತ್ತು. ಸ್ಕಾರ್ಪಿಯನ್‌ಫಿಶ್, ಕಲ್ಲಿನದೇ ಬಣ್ಣ, ಕಲ್ಲಿನದೇ ಪಾಚಿ, ಬೆನ್ನ ಮೇಲೆ ವಿಷದ ಮುಳ್ಳು. ಕೊಳದಲ್ಲಿ ಅವನು ಕಲಿಸಿದ್ದು ತೇಲಾಟದ ಹಿಡಿತ, ಅಂದರೆ ಉಸಿರಿನಿಂದಲೇ ಮೈ ಏರಿಳಿಸಿಕೊಳ್ಳುವುದು, ಏನನ್ನೂ ಮುಟ್ಟದೆ ಇರುವುದು. ಅದು ಯಾಕೆ ಬೇಕೆಂದು ಅಲ್ಲಿ ತಿಳಿಯಿತು. ಕೈಯೂ ಉಳಿಯುತ್ತದೆ, ಹವಳವೂ ಉಳಿಯುತ್ತದೆ.

ಆ ಹಿಡಿತ ಬಂದಂತೆ ಗಾಳಿಯೂ ಉಳಿಯತೊಡಗಿತು. ಹತ್ತು ಮೀಟರ್ ಕೆಳಗೆ ಒತ್ತಡ ಇಮ್ಮಡಿ, ಹಾಗಾಗಿ ಪ್ರತಿ ಉಸಿರಿಗೂ ಮೇಲಿನ ಎರಡರಷ್ಟು ಗಾಳಿ ಖರ್ಚು. ಮೊದಲ ಸೀಸನ್ನಿನಲ್ಲಿ 12 ಮೀಟರಿನಲ್ಲಿ 35 ನಿಮಿಷಕ್ಕೆ ನನ್ನ ಗಾಳಿಯ ಸೂಜಿ, ಮೇಲೆ ಬರಬೇಕಾದ 50 ಬಾರ್ ಮುಟ್ಟುತ್ತಿತ್ತು, ಈಗ ಅದೇ ಆಳದಲ್ಲಿ 50 ನಿಮಿಷ ದಾಟುತ್ತದೆ. ವರ್ಷಗಟ್ಟಲೆ ಒಬ್ಬನೇ ಗೈಡ್ ಇದ್ದುದರ ಲಾಭ ಇದು. ನಾನು ಎಲ್ಲಿ ಏದುಸಿರು ಬಿಡುತ್ತೇನೆ, ಯಾವ ಕಿವಿ ತಡವಾಗಿ ಬಿಡಿಸಿಕೊಳ್ಳುತ್ತದೆ ಎಲ್ಲ ಅವನಿಗೆ ಗೊತ್ತು.

ಅವನ ಮೇಲೆ ನನಗೆ ಗೌರವ ಹೆಚ್ಚಿದ್ದು ಅವನು ಬೇಡವೆಂದ ದಿನಗಳಲ್ಲಿ. ‘ಅಕ್ಕಾ, ಇವತ್ತು ಬೇಡ. ಕೆಳಗೆ ಎಂತದೂ ಕಾಣೂದಿಲ್ಲ. ದುಡ್ಡು ಕೊಟ್ಟು ಮಣ್ಣುನೀರು ನೋಡೂದು ಎಂತಕ್ಕೆ?’ ಆರು ಸೀಸನ್ನಿನಲ್ಲಿ ಐದು ಸಲ ಹೀಗೆ ವಾಪಸ್ ಕಳಿಸಿದ್ದಾನೆ.

ದೂರು 2022ರ ಡಿಸೆಂಬರಿನದು. ವರ್ಷದ ಕೊನೆಯ ವಾರ, ಗೋವಾ ತುಂಬಿ ತುಳುಕುತ್ತಿತ್ತು. ಅವನನ್ನು ಇನ್ನೊಂದು ದೋಣಿಗೆ ಹಾಕಿ ನಮಗೆ ಹೊಸ ಗೈಡ್ ಕೊಟ್ಟರು. ಆರು ಜನ ಡೈವರ್, ಒಬ್ಬನೇ ಗೈಡ್. ಯಾರ ಲಾಗ್ ಬುಕ್ಕನ್ನೂ ತೆರೆದು ನೋಡಲಿಲ್ಲ. ಪುಣೆಯಿಂದ ಬಂದ ಒಬ್ಬರು ನಾಲ್ಕು ವರ್ಷದಿಂದ ನೀರಿಗಿಳಿದಿರಲಿಲ್ಲ ಎಂದು ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಕೆಳಗೆ ಮೂರು ಮೀಟರ್ ಕಾಣುತ್ತಿತ್ತು. 11 ಮೀಟರಿನಲ್ಲಿ ಅವರು ಬಿಸಿಡಿಯ (ಗಾಳಿ ತುಂಬಿಸಿ ತೇಲುವ ಜಾಕೆಟ್ಟಿನ) ಗಾಳಿ ಬಿಡುವ ಗುಂಡಿ ಬದಲು ತುಂಬುವ ಗುಂಡಿ ಒತ್ತಿದರು, ನೋಡನೋಡುತ್ತಿದ್ದಂತೆ ಮೇಲಕ್ಕೆ ಹಾರಿದರು. ಗೈಡ್ ಅವರ ಹಿಂದೆ ಹೋದ. ಅವನ ತಪ್ಪಲ್ಲ, ಒಬ್ಬನೇ ಇದ್ದವನು ಇನ್ನೇನು ಮಾಡಬೇಕು? ಹಸಿರಿನಲ್ಲಿ ನಾವು ಐದು ಜನ ಉಳಿದೆವು, ಮರುಕ್ಷಣ ನನಗೆ ಕಾಣುತ್ತಿದ್ದುದು ನನ್ನ ಜೊತೆಗಾರ್ತಿ ಒಬ್ಬಳೇ. ಕಲಿತದ್ದನ್ನೇ ಮಾಡಿದೆವು. ಒಂದು ನಿಮಿಷ ಸುತ್ತ ಹುಡುಕಿ, ಕೈ ಹಿಡಿದುಕೊಂಡು ನಿಧಾನ ಏರಿ, ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು ಮೇಲೆ ಬಂದೆವು. ದೋಣಿ ದೂರದಲ್ಲಿತ್ತು. ನನ್ನ ಕಿತ್ತಳೆ ಬಣ್ಣದ ಗಾಳಿಕೊಳವೆ ಊದಿ ಎತ್ತಿ ಹಿಡಿದೆ. ದೋಣಿ ಬರಲು ಹದಿನೈದು ನಿಮಿಷ.

ಹತ್ತು ಮೀಟರಿನಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಕಟ್ಟಿ ಏರಿದರೆ ಶ್ವಾಸಕೋಶ ಹರಿಯಬಹುದು. ಪುಣೆಯವರು ಕೂಗುತ್ತಾ ಏರಿದ್ದರಿಂದ ಗಾಳಿ ಹೊರಗೆ ಹೋಗಿತ್ತು. ದೋಣಿಯಲ್ಲಿ ಮಲಗಿಸಿದ್ದರು, ಮುಖ ಬಿಳಿಚಿತ್ತು. ಇಂಥ ಹೊತ್ತಿಗೆಂದೇ ಶುದ್ಧ ಆಕ್ಸಿಜನ್ನಿನ ಸಣ್ಣ ಸಿಲಿಂಡರ್ ಇಟ್ಟಿರುತ್ತಾರೆ. ಸಿಲಿಂಡರ್ ಇತ್ತು. ಅದರ ವಾಲ್ವ್ ತಿರುಗಿಸುವ ಕೀಲಿ ಇರಲಿಲ್ಲ, ಶಾಪ್‌ನ ಗೋಡೆಗೆ ನೇತುಬಿದ್ದಿತ್ತು. ಆಸ್ಪತ್ರೆಗೆ ಕರೆದೊಯ್ದರು, ಏನೂ ಆಗಿರಲಿಲ್ಲ. ಆದರೂ ಆ ಕೀಲಿಯ ಮಾತು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಎರಡು ಪುಟ ಬರೆದು ಮಾಲೀಕರ ಕೈಗೇ ಕೊಟ್ಟೆ. ಜಗಳಕ್ಕೆ ನಿಲ್ಲಲಿಲ್ಲ, ಓದಿ ಕ್ಷಮೆ ಕೇಳಿದರು. ಮುಂದಿನ ತಿಂಗಳಿನಿಂದ ಒಬ್ಬ ಗೈಡ್‌ಗೆ ನಾಲ್ಕೇ ಜನ, ಕಡಿಮೆ ಕಾಣುವ ದಿನ ಎರಡೇ. ಕೀಲಿಯನ್ನು ಸಿಲಿಂಡರಿಗೇ ದಾರದಲ್ಲಿ ಕಟ್ಟಿದ್ದಾರೆ. ದೋಣಿ ಬಿಡುವ ಮುನ್ನ ಅದನ್ನು ತೆರೆದು ತೋರಿಸುತ್ತಾರೆ. ತೋರಿಸದಿದ್ದರೆ ನಾನು ಕೇಳುತ್ತೇನೆ. ನೀವೂ ಕೇಳಿ. ನಾನು ಶಾಪ್ ಬದಲಿಸದೇ ಇರಲು ಈ ತಿದ್ದುಪಡಿಯೇ ಕಾರಣ.

ಬಾಡಿಗೆಯ ಸಾಮಾನು ಸುಮಾರು. ವೆಟ್‌ಸೂಟುಗಳ ಮೊಣಕಾಲು ಹರಿದಿವೆ, ರೆಗ್ಯುಲೇಟರಿನ ಬಾಯಿಕಚ್ಚು ಎಷ್ಟೋ ಜನರ ಹಲ್ಲು ಕಂಡಿದೆ. ಆಳ, ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ಗೈಡ್ ಕೈಯಲ್ಲಿ ಮಾತ್ರ, ಬೇಕೆಂದರೆ ಬೇರೆ ಬಾಡಿಗೆ. ಇದು ನನಗೆ ಒಪ್ಪಿಗೆಯಿಲ್ಲ. ಅವನ ಆಳ ಬೇರೆ, ನನ್ನ ಆಳ ಬೇರೆ. ಮೂರನೇ ಸೀಸನ್ನಿನಲ್ಲಿ ನನ್ನದೇ ಕಂಪ್ಯೂಟರ್, ಮಾಸ್ಕ್, ರೆಗ್ಯುಲೇಟರ್ ಕೊಂಡೆ. ಎಲ್ಲವನ್ನೂ ಒಮ್ಮೆಗೇ ಕೊಳ್ಳಲಾಗದವರು ಮಾಸ್ಕ್ ಮೊದಲು ಕೊಳ್ಳಿ, ಆಮೇಲೆ ಕಂಪ್ಯೂಟರ್. ಎರಡು ಡೈವ್‌ಗೆ ಮೊದಲು 5,500 ರೂಪಾಯಿ ಕೊಡುತ್ತಿದ್ದೆ, ಈಗ 7,500. ಗಾಳಿ ಎದ್ದು ದೋಣಿ ಅರ್ಧದಾರಿಯಿಂದ ತಿರುಗಿದರೆ ಅರ್ಧ ದುಡ್ಡು ಹಿಡಿದುಕೊಳ್ಳುತ್ತಾರೆ, ಡೀಸೆಲ್ ಲೆಕ್ಕ ಎನ್ನುತ್ತಾರೆ. ಮುಂದಿನ ಟ್ರಿಪ್ಪಿಗೆ ಸೇರಿಸಿಕೊಡಿ ಎಂದು ಎಷ್ಟು ಹೇಳಿದರೂ ಕೇಳಿಲ್ಲ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಹೋದ ಒಂದು ಅಂಕ ಬಾಡಿಗೆಯ ಸಾಮಾನಿಗೆ ಮತ್ತು ಈ ಅರ್ಧ ದುಡ್ಡಿಗೆ.

ನಮ್ಮವರಿಗೆಂದೇ ಹೇಳಬೇಕಾದ ಮಾತೊಂದು ಉಳಿದಿದೆ. ಡೈವ್ ಮಾಡಿ ವಿಮಾನ ಹತ್ತಬಾರದು ಎಂಬುದು ಕಾರ್ಡ್ ಇದ್ದವರಿಗೆಲ್ಲ ಗೊತ್ತು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಾಯಬೇಕು. ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಗೆ ಹೋಗುವ ಮೊದಲೇ ಹೊರಗಿನ ಒತ್ತಡ ಇಳಿದರೆ ಅದು ಗುಳ್ಳೆ ಕಟ್ಟುತ್ತದೆ. ಆದರೆ ಘಾಟ್ ಯಾರ ನೆನಪಿಗೂ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಎರಡು ಡೈವ್, ಮಧ್ಯಾಹ್ನ ಊಟ, ಸಂಜೆ ಕಾರು ಹತ್ತಿ ಚೋರ್ಲಾ ಘಾಟ್ ಏರಿ ಬೆಳಗಾವಿ, ಇಲ್ಲವೇ ಅನಮೋಡ ಏರಿ ಹುಬ್ಬಳ್ಳಿ. ನಾನೂ ಮೊದಲ ವರ್ಷ ಹಾಗೆಯೇ ಹೊರಟಿದ್ದೆ. ಬ್ಯಾಗು ಕಂಡ ಗೈಡ್ ತಮ್ಮ ಕೇಳಿದ: ‘ಅಕ್ಕಾ, ಎಲ್ಲಿಗೆ ಹೊರಟಿದ್ದು?’ ಹುಬ್ಬಳ್ಳಿ ಎಂದೆ. ‘ನಿಮ್ಮ ಊರು ಸಮುದ್ರಕ್ಕಿಂತ 600 ಮೀಟರ್ ಮೇಲೆ ಉಂಟು. ಕಾರಾದ್ರೆ ಎಂತ, ಎತ್ತರ ಎತ್ತರವೇ. ನಾಳೆ ಹೋಗಿ.’ 300 ಮೀಟರ್ ದಾಟಿದರೇ ಎತ್ತರದ ಲೆಕ್ಕ ಶುರುವಾಗುತ್ತದೆಂದು ಕೋರ್ಸಿನಲ್ಲೇ ಓದಿದ್ದೆ, ಊರಿನ ದಾರಿಗೆ ಅದನ್ನು ಹೊಂದಿಸಿ ನೋಡಿರಲಿಲ್ಲ. ಲೋಣಾವಳಾ ದಾಟಿ ಪುಣೆಗೆ ಹೋಗುವವರಿಗೂ ಇದೇ ಮಾತು. ಶನಿವಾರ ಡೈವ್ ಇಟ್ಟುಕೊಳ್ಳಿ, ರಾತ್ರಿ ಕಡಲ ಮಟ್ಟದಲ್ಲೇ ಮಲಗಿ, ಭಾನುವಾರ ಊಟ ಮಾಡಿ ಹೊರಡಿ.

ಜೂನಿನಿಂದ ಮಳೆಗಾಲ, ದೋಣಿ ದಡದಲ್ಲಿ. ನನ್ನ ರೆಗ್ಯುಲೇಟರ್ ಸರ್ವೀಸಿಗೆ ಕೊಟ್ಟಿದ್ದೇನೆ. ಅಕ್ಟೋಬರ್ ಕೊನೆಯ ಭಾನುವಾರಕ್ಕೆ ಎರಡು ಸೀಟು ಹೇಳಿಟ್ಟಿದ್ದೇನೆ, ಒಂದು ನನಗೆ, ಇನ್ನೊಂದು ಈ ಮೇ ತಿಂಗಳಲ್ಲಿ ಕಾರ್ಡ್ ಪಡೆದ ತಂಗಿಗೆ. ತಮ್ಮ ಈಗಲೇ ಕೇಳಿಟ್ಟಿದ್ದಾನೆ, ಅವಳ ಕೊನೇ ಡೈವ್ ಯಾವಾಗ ಎಂದು.