ಹೋಸ್ಟಿಂಗ್ ಮೇಲ್, ಸ್ವಂತ ಸರ್ವರ್, ಎಸ್‌ಇಎಸ್: ಅಂಗಡಿಯ ಬಿಲ್ ಯಾವುದರಲ್ಲಿ ಇನ್‌ಬಾಕ್ಸ್ ಮುಟ್ಟುತ್ತೆ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಮೆಜಾನಿನ ಮೇಲ್ ಕಳಿಸುವ ಸೇವೆ ಎಸ್‌ಇಎಸ್‌ಗೆ. ದಾವಣಗೆರೆ ಮಂಡಿಪೇಟೆಯ ಬಟ್ಟೆ ಅಂಗಡಿಯ ಬಿಲ್, ವಿದ್ಯಾನಗರದ ಕೋಚಿಂಗ್ ಸೆಂಟರಿನ ಫೀ ರಸೀದಿ, ಹೀಗೆ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಮೇಲ್ ಹೋಗುವ ಕಡೆಗೆ ಈ ಮಾತು. ಎದುರಾಳಿಗಳು ಇಬ್ಬರು: ವೆಬ್‌ಸೈಟ್ ಜೊತೆ ಪುಕ್ಕಟೆ ಬರುವ ಹೋಸ್ಟಿಂಗ್ ಮೇಲ್, ಮತ್ತು ವಿಪಿಎಸ್ ಎಂಬ ಬಾಡಿಗೆ ಸರ್ವರ್ ಮೇಲೆ ಸ್ವಂತ ಪೋಸ್ಟ್‌ಫಿಕ್ಸ್, ಅಂದರೆ ನಾವೇ ನಡೆಸುವ ಮೇಲ್ ಸರ್ವರ್ ತಂತ್ರಾಂಶ.

ಹೋಸ್ಟಿಂಗ್ ಮೇಲ್‌ನ ಕಾಯಿಲೆ ಒಂದೇ. ನಿನ್ನೆವರೆಗೆ ಇನ್‌ಬಾಕ್ಸ್‌ಗೆ ಹೋಗುತ್ತಿದ್ದದ್ದು ಇವತ್ತು ಸ್ಪ್ಯಾಮ್‌ಗೆ ಬೀಳುತ್ತೆ. ಕೇಳಿದರೆ 'ನಾವೇನೂ ಮುಟ್ಟಿಲ್ಲ ಸಾರ್' ಅನ್ನುತ್ತಾರೆ, ಅದು ನಿಜವೂ ಹೌದು. ಒಂದೇ ಐಪಿ (ಸರ್ವರ್‌ನ ಅಂಕಿ ವಿಳಾಸ) ಮೇಲೆ ನೂರಾರು ಸೈಟ್ ಕೂತಿರುತ್ತವೆ. ಅದರಲ್ಲಿ ಯಾರದೋ ಹಳೇ ವರ್ಡ್‌ಪ್ರೆಸ್ ಪ್ಲಗಿನ್ ಒಡೆದು ರಾತ್ರೋರಾತ್ರಿ ಸ್ಪ್ಯಾಮ್ ಹೊರಟರೆ, ಸ್ಪ್ಯಾಮ್ ಕಳಿಸುವ ಐಪಿಗಳ ಲೆಕ್ಕ ಇಡುವ ಸ್ಪ್ಯಾಮ್‌ಹೌಸ್ ಪಟ್ಟಿಗೆ ಸೇರುವುದು ಎಲ್ಲರದೂ ಆದ ಆ ಐಪಿ. ಜಿಮೇಲ್‌ನಲ್ಲಿ ಮೇಲ್‌ನ ಮೂಲ ತೆರೆದು ಕಳಿಸಿದ ಐಪಿ ಹುಡುಕಿ, ಸ್ಪ್ಯಾಮ್‌ಹೌಸ್ ಸೈಟಿನಲ್ಲೇ ಹಾಕಿ ನೋಡಿ. ಸರ್ವರ್‌ನಿಂದ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ (ಡೊಮೇನ್ ಹೆಸರುಗಳ ವಿಳಾಸ ಪುಸ್ತಕ) 8.8.8.8 ಮೂಲಕ ಕೇಳಿದರೆ 127.255.255.254 ಅಂತ ಉತ್ತರ ಬರುತ್ತೆ. ಅದು ಪಟ್ಟಿಗೆ ಸೇರಿದ ಸುದ್ದಿಯಲ್ಲ, 'ಈ ದಾರಿಯಲ್ಲಿ ಬಂದು ಕೇಳಬೇಡ' ಅಂತ ಅರ್ಥ. ಅದನ್ನು ನೋಡಿಯೇ ಗಾಬರಿಯಾಗಿ ಹೋಸ್ಟಿಂಗ್ ಬದಲಿಸುವವರೂ ಇದ್ದಾರೆ.

ಸ್ವಂತ ಪೋಸ್ಟ್‌ಫಿಕ್ಸ್ ಬಗ್ಗೆ ಹೆಚ್ಚು ಹೇಳಲ್ಲ. ಡಿಜಿಟಲ್‌ಓಷನ್, ಗೂಗಲ್ ಕ್ಲೌಡ್ ಎರಡೂ ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವ ಬಾಗಿಲಾದ ಪೋರ್ಟ್ 25 ಮುಚ್ಚಿವೆ. ತೆರೆದಿರುವ ಕಡೆ ಹೋದರೂ ಪಿಟಿಆರ್ ದಾಖಲೆ (ಐಪಿ ಯಾವ ಹೆಸರಿನದು ಅನ್ನುವ ಸಾಲು) ಹೊಂದದಿದ್ದರೆ ಜಿಮೇಲ್ 550-5.7.25 ಅಂತ ವಾಪಸ್ ತಳ್ಳುತ್ತೆ. ಹೊಸ ಐಪಿಗೆ ಹೆಸರೇ ಇರುವುದಿಲ್ಲ, ವಾರಗಟ್ಟಲೆ ಸ್ವಲ್ಪ ಸ್ವಲ್ಪ ಕಳಿಸಿ ಹೆಸರು ಗಳಿಸಬೇಕು. ಲಾಗ್ ಓದುವ ಚಟ ಇದ್ದವರಿಗೆ ಮಾತ್ರ.

ಎಸ್‌ಇಎಸ್ ದರ ಸಾವಿರ ಮೇಲ್‌ಗೆ 0.10 ಡಾಲರ್. 12,000ಕ್ಕೆ 1.20 ಡಾಲರ್, ಅಂದರೆ ಬೆಣ್ಣೆ ದೋಸೆ ತಿಂದು ಟೀ ಕುಡಿದಷ್ಟು. ಶುರುವಿನಲ್ಲಿ ಸ್ಯಾಂಡ್‌ಬಾಕ್ಸ್ ಕಟ್ಟು ಇರುತ್ತೆ: ದಿನಕ್ಕೆ 200, ಅದೂ ದೃಢೀಕರಿಸಿದ ವಿಳಾಸಗಳಿಗೆ ಮಾತ್ರ. ವಿಳಾಸ ಎಲ್ಲಿ ಪಡೆದಿರಿ, ಬೌನ್ಸ್ ಆದದ್ದನ್ನು (ಮುಟ್ಟದೆ ವಾಪಸ್ ಬಂದದ್ದನ್ನು) ಏನು ಮಾಡುತ್ತೀರಿ ಅಂತ ಸ್ಪಷ್ಟವಾಗಿ ಬರೆದು, ಆ ಕಟ್ಟು ಬಿಚ್ಚಲು ಅರ್ಜಿ ಹಾಕಿ.

ಇಲ್ಲಿ ತಲೆ ತಿನ್ನುವುದು ಎಸ್‌ಪಿಎಫ್, ಅಂದರೆ ನಿಮ್ಮ ಡೊಮೇನ್ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಡಿಎನ್‌ಎಸ್‌ನಲ್ಲಿ ಬರೆಯುವ ಸಾಲು. ಬಹಳ ಜನ ಡೊಮೇನ್‌ನಲ್ಲಿ ಹಳೇ ಎಸ್‌ಪಿಎಫ್ ಸಾಲು ಇರುವಾಗಲೇ ಎಸ್‌ಇಎಸ್‌ಗೆ ಅಂತ ಇನ್ನೊಂದು ಹಾಕುತ್ತಾರೆ. ಎರಡು ಸಾಲು ಕಂಡರೆ ಪರ್ಮ್‌ಎರರ್, ಎರಡೂ ಲೆಕ್ಕಕ್ಕಿಲ್ಲ. ಸರಿ ಅಂತ ಎಲ್ಲಾ ಒಂದೇ ಸಾಲಿಗೆ ತುರುಕಿದರೆ ಇನ್ನೊಂದು ಗುಂಡಿ ಕಾದಿರುತ್ತೆ. ಡಿಎನ್‌ಎಸ್ ಹುಡುಕಾಟ 10 ದಾಟುವಂತಿಲ್ಲ. ಇನ್‌ಕ್ಲೂಡ್ (ಬೇರೆಯವರ ಎಸ್‌ಪಿಎಫ್ ಸಾಲನ್ನು ಸೇರಿಸುವ ಪದ), ಎ, ಎಂಎಕ್ಸ್ (ಡೊಮೇನ್‌ನ ಸರ್ವರ್, ಮೇಲ್ ಸರ್ವರ್ ಹೇಳುವ ದಾಖಲೆಗಳು) ಎಲ್ಲಾ ಎಣಿಕೆಗೆ ಬರುತ್ತವೆ, ಐಪಿ4, ಐಪಿ6, ಆಲ್ ಬರುವುದಿಲ್ಲ. ಇನ್‌ಕ್ಲೂಡ್ ಒಳಗಿನ ಇನ್‌ಕ್ಲೂಡೂ ಎಣಿಕೆಯೇ. ನೀವು ಹತ್ತಕ್ಕೆ ಸರಿಯಾಗಿ ನಿಂತಿರುವಾಗ ನಿಮ್ಮ ಗ್ರಾಹಕರ ಲೆಕ್ಕ ಇಡುವ ಯಾವುದೋ ಸಿಆರ್‌ಎಂ ಕಂಪನಿ ತನ್ನ ಸಾಲಿನೊಳಗೆ ಇನ್ನೊಂದನ್ನು ಸೇರಿಸಿತು ಅನ್ನಿ. ನಿಮ್ಮ ಎಸ್‌ಪಿಎಫ್ ಆ ಕ್ಷಣಕ್ಕೆ ಸತ್ತಿತು. 'ಏನೂ ಮುಟ್ಟಿಲ್ಲ' ಎಂಬುದರ ಇನ್ನೊಂದು ರೂಪ ಇದು.

ತಮಾಷೆ ಏನೆಂದರೆ, ಮುಖ್ಯ ಡೊಮೇನ್‌ನ ಸಾಲಿನಲ್ಲಿ ಎಸ್‌ಇಎಸ್ ಹೆಸರೇ ಬೇಕಿಲ್ಲ. ಎಸ್‌ಪಿಎಫ್ ನೋಡುವುದು ರಿಟರ್ನ್ ಪಾತ್ ವಿಳಾಸವನ್ನು, ಅಂದರೆ ಬೌನ್ಸ್ ವಾಪಸ್ ಬರುವ ವಿಳಾಸವನ್ನು. ಎಸ್‌ಇಎಸ್‌ನಲ್ಲಿ ಅದು ತಾನಾಗಿ ಅಮೆಜಾನಿನ ಡೊಮೇನ್ ಆಗಿರುತ್ತೆ. ನಿಮ್ಮದೇ ಬೇಕೆಂದರೆ ಕಸ್ಟಮ್ ಮೇಲ್ ಫ್ರಮ್ ಎಂಬಲ್ಲಿ ಒಂದು ಸಬ್‌ಡೊಮೇನ್ ಕೊಟ್ಟು, ಅದಕ್ಕೆ ಒಂದೇ ಒಂದು ಎಂಎಕ್ಸ್, ಒಂದು ಎಸ್‌ಪಿಎಫ್ ಹಾಕಿ. ಮೇಲ್‌ಗೆ ಡಿಜಿಟಲ್ ಸಹಿ ಹಾಕುವ ಡಿಕಿಮ್‌ಗೆ ಮೂರು ಸಿನೇಮ್ ದಾಖಲೆ (ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ತೋರಿಸುವ ಸಾಲು). ಕೆಲವು ಡಿಎನ್‌ಎಸ್ ಪ್ಯಾನೆಲ್‌ಗಳು ಡೊಮೇನ್ ಹೆಸರನ್ನು ತಾವೇ ಅಂಟಿಸುತ್ತವೆ. ಪೂರ್ತಿ ಹೆಸರು ಪೇಸ್ಟ್ ಮಾಡಿದರೆ ಬಾಲ ಎರಡಾಗುತ್ತೆ, ಎಸ್‌ಇಎಸ್ 72 ಗಂಟೆ ಕಾದು ಕೈಚೆಲ್ಲುತ್ತೆ. ಮೊದಲ ತುಂಡನ್ನಷ್ಟೇ ಹಾಕಿ. ಈ ಪರೀಕ್ಷೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕು ಅಂತ ಹೇಳುವ ಡಿಮಾರ್ಕ್‌ಗೆ ಶುರುವಿನಲ್ಲಿ 'ನನ್' (ಏನೂ ಮಾಡಬೇಡ) ಸಾಕು.

ಇಷ್ಟೆಲ್ಲ ಮಾಡಿಯೂ ಪಟ್ಟಿ ಕೊಳೆತಿದ್ದರೆ ಯಾವ ಸೇವೆಯೂ ಕಾಯುವುದಿಲ್ಲ. ಮೂರು ವರ್ಷದ ಹಿಂದಿನ ಅಡ್ಮಿಷನ್ ಪಟ್ಟಿಯನ್ನು ಮೇ ತಿಂಗಳಲ್ಲಿ ಒಟ್ಟಿಗೇ ಕಳಿಸಿದಿರೋ, ಬೌನ್ಸ್ 5% ಮುಟ್ಟಿದಾಗ ಎಸ್‌ಇಎಸ್ ವಿಚಾರಣೆಗೆ ಎಳೆಯುತ್ತೆ, 10%ಗೆ ನಿಲ್ಲಿಸಲೂಬಹುದು. 'ಇದು ಸ್ಪ್ಯಾಮ್' ಎಂಬ ದೂರು 0.1% ಆದರೂ ವಿಚಾರಣೆ. ಫೆಬ್ರವರಿ 2024ರಿಂದ ಜಿಮೇಲ್ ಸ್ಪ್ಯಾಮ್ ದೂರು 0.3% ಮುಟ್ಟಬಾರದು ಅನ್ನುತ್ತೆ. ಸಾವಿರಕ್ಕೆ ಮೂವರು ಸ್ಪ್ಯಾಮ್ ಗುಂಡಿ ಒತ್ತಿದರೆ ಅಷ್ಟಾಯಿತು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000 ದಾಟಿಸುವವರು ಆಫರ್ ಮೇಲ್‌ಗೆ ಒಂದೇ ಒತ್ತಿಗೆ ಹೊರಹೋಗುವ ಕೊಂಡಿ ಕೊಡಲೇಬೇಕು. ಹಬ್ಬದ ಆಫರ್‌ಗೆ ಬೇರೆ ಸಬ್‌ಡೊಮೇನ್ ಇಡಿ, ಬಿಲ್‌ಗೆ ಅದರ ಕೊಳೆ ಅಷ್ಟಾಗಿ ಅಂಟುವುದಿಲ್ಲ.

ದಿನಕ್ಕೆ ಐವತ್ತೇ ಮೇಲ್, ಡಿಎನ್‌ಎಸ್ ಕಂಡರೆ ಭಯ ಅನ್ನುವವರು ಗೂಗಲ್ ವರ್ಕ್‌ಸ್ಪೇಸ್ ತಗೊಂಡು ಆರಾಮಾಗಿರಿ. ದಿನಕ್ಕೆ 2,000ದ ಮಿತಿ ಧಾರಾಳ. ಸಾವಿರಗಳ ಲೆಕ್ಕ ಇದ್ದು, ಒಂದು ಭಾನುವಾರ ಕೂತು ದಾಖಲೆ ತಿದ್ದಬಲ್ಲೆ ಅನ್ನುವವರಿಗೆ ಎಸ್‌ಇಎಸ್ಸೇ. ಯಾವುದಕ್ಕೆ ಹೋದರೂ ಹಳೇ ಹೋಸ್ಟಿಂಗ್‌ನ ಐಪಿಯನ್ನು ಎಸ್‌ಪಿಎಫ್ ಸಾಲಿನಿಂದ ಅಳಿಸಿ. ಬಿಟ್ಟರೆ, ಆ ಐಪಿಯ ಪಕ್ಕದ ಮನೆಯವನು ನಿಮ್ಮ ಹೆಸರಿನಲ್ಲಿ ಕಳಿಸಿದ ಸ್ಪ್ಯಾಮ್ ಕೂಡ ಎಸ್‌ಪಿಎಫ್ ಪಾಸ್ ಆಗುತ್ತೆ.