ಗ್ಲಾಸ್ ಎಪಾಕ್ಸಿಗೆ ಹಸಿರು ಪಿಕೋಸೆಕೆಂಡ್ ಲೇಸರ್: ತೆಳು ಬೋರ್ಡಿಗೆ ಸೈ, ದಪ್ಪಕ್ಕೆ ರೂಟರೇ ಸರಿ

ವಿಮರ್ಶೆ ಸರ್ಕ್ಯೂಟ್ ಬೋರ್ಡ್ ಕತ್ತರಿಸುವ ಲೇಸರ್‌ನದು: 515 ನ್ಯಾನೋಮೀಟರ್, 30 ವಾಟ್, 10 ಪಿಕೋಸೆಕೆಂಡ್ (ಒಂದು ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು) ದರ್ಜೆಯ ಗ್ಯಾಲ್ವೋ ಯಂತ್ರ, ಅಂದರೆ ಕನ್ನಡಿ ತಿರುಗಿಸಿ ಕಿರಣ ಓಡಿಸುವಂಥದ್ದು. ಕಿರಣದ ಬಿಂದುವಿನ ವ್ಯಾಸ 25 ಮೈಕ್ರಾನ್.

ಬೋರ್ಡಿನ ವಸ್ತು ಎಫ್‌ಆರ್-4, ಅಂದರೆ ಗಾಜಿನೆಳೆಯ ಬಟ್ಟೆಗೆ ಎಪಾಕ್ಸಿ ಎಂಬ ರಾಳ ಕುಡಿಸಿದ ಹಾಳೆ. ಎಪಾಕ್ಸಿ 300 ಡಿಗ್ರಿ ದಾಟಿದರೆ ಕರಕಲಾಗತೊಡಗುತ್ತದೆ, ಗಾಜು ಮೆತ್ತಗಾಗಲು 800 ಡಿಗ್ರಿಗೂ ಮೇಲೆ ಬೇಕು. ಕಾರ್ಬನ್ ಡೈಆಕ್ಸೈಡ್ ಲೇಸರ್ ಇಲ್ಲೇ ಎಡವುತ್ತದೆ: ಗಾಜು ಕರಗುವಷ್ಟರಲ್ಲಿ ಪಕ್ಕದ ಎಪಾಕ್ಸಿ ಇದ್ದಿಲು. ಪಿಕೋಸೆಕೆಂಡ್ ಪಲ್ಸ್‌ನಲ್ಲಿ ಶಾಖ ಹರಡುವುದಕ್ಕೆ ಪುರಸೊತ್ತಿಲ್ಲ ಎನ್ನುತ್ತಾರೆ. ಒಂದು ಪಲ್ಸ್‌ಗೆ ಆ ಮಾತು ನಿಜ. ಸೆಕೆಂಡಿಗೆ ನಾಲ್ಕು ಲಕ್ಷ ಪಲ್ಸ್ ಬಿದ್ದರೆ ಉಳಿದ ಚೂರುಪಾರು ಬಿಸಿಯೇ ಸೇರಿಕೊಂಡು ಅಂಚು ಕಪ್ಪಾಗುತ್ತದೆ.

ಕಪ್ಪು ಕಂಡೊಡನೆ ಪಲ್ಸ್ ಶಕ್ತಿ ಇಳಿಸುವುದು ಎಲ್ಲರೂ ಮಾಡುವ ತಪ್ಪು. ಎಪಾಕ್ಸಿ ಕಡಿಮೆ ಶಕ್ತಿಗೇ ಹಾರಿಹೋಗುತ್ತದೆ, ಗಾಜು ಹೋಗುವುದಿಲ್ಲ. ಅಂಚಿನಲ್ಲಿ ಎಳೆಗಳು ಬ್ರಷ್ಷಿನ ಕೂದಲಂತೆ ನಿಲ್ಲುತ್ತವೆ. ಶಕ್ತಿ 75 ಮೈಕ್ರೋಜೂಲ್‌ನಲ್ಲೇ ಇರಲಿ, ವೇಗ ಏರಿಸಿ. 400 ಕಿಲೋಹರ್ಟ್ಸ್‌ಗೆ ಸೆಕೆಂಡಿಗೆ 2 ಮೀಟರ್ ಓಡಿಸಿದರೆ ಪಲ್ಸ್‌ಗಳ ನಡುವೆ 5 ಮೈಕ್ರಾನ್ ಅಂತರ ಬರುತ್ತದೆ. ಒಂದೇ ತುಂಡನ್ನು ಸತತವಾಗಿ ಕೊರೆಯದೆ ಪ್ಯಾನಲ್‌ನ (ಹಲವು ಬೋರ್ಡುಗಳಿರುವ ದೊಡ್ಡ ಹಾಳೆಯ) ಎಲ್ಲ ತುಂಡುಗಳಿಗೂ ಒಂದೊಂದು ಸುತ್ತು ಹಾಕುತ್ತ ಬಂದರೆ ಪ್ರತಿಯೊಂದಕ್ಕೂ ಆರಲು ಸಮಯ ಸಿಗುತ್ತದೆ.

ಒಂಟಿ ಗೆರೆಯಲ್ಲಿ 0.4 ಮಿಲಿಮೀಟರ್ ದಾಟುವುದು ಕಷ್ಟ. ಸೀಳು ಕಿರಿದಾಗಿ ಕಿರಣ ಗೋಡೆಗೆ ತಾಗುತ್ತದೆ, ಪುಡಿ ಹೊರಬರುವುದಿಲ್ಲ, ಕಟಿಂಗ್ ಅಲ್ಲೇ ನಿಂತುಬಿಡುತ್ತದೆ. 15 ಮೈಕ್ರಾನ್ ಅಂತರದಲ್ಲಿ ಐದು ಸಮಾನಾಂತರ ಗೆರೆ ಹಾಕಿ ಸೀಳು ಅಗಲಿಸಬೇಕು. ದಪ್ಪ 0.8 ಆದರೆ ಅರ್ಧದಲ್ಲಿ ಫೋಕಸ್ಸನ್ನೂ ಕೆಳಗಿಳಿಸಬೇಕು. 1.6ರ ಬೋರ್ಡನ್ನೂ ಕತ್ತರಿಸಬಹುದು, ಆದರೆ ಗೋಡೆಯ ಇಳಿಜಾರು ಹೆಚ್ಚುತ್ತದೆ, ಹೊತ್ತೂ ಹಿಡಿಯುತ್ತದೆ. ಅದಕ್ಕೆ ರೂಟರ್, ಅಂದರೆ ತಿರುಗುವ ಕಾರ್ಬೈಡ್ ಅಲಗಿನಿಂದ ಕತ್ತರಿಸುವ ಯಂತ್ರವೇ ಅಗ್ಗ.

ಆರ್‌ಪಾರ್ ಕತ್ತರಿಸುವ ಕೆಲಸಕ್ಕೆ ಯಂತ್ರ ಚೆನ್ನಾಗಿದೆ. ಅರ್ಧ ಆಳದ ಗುಳಿ ತೋಡಲು ಬೇಡ: ಎಪಾಕ್ಸಿ ಹೆಚ್ಚಿರುವಲ್ಲಿ ಆಳ ಹೆಚ್ಚು, ಎಳೆ ಹೆಣೆದಲ್ಲಿ ಕಡಿಮೆ, ನೇಯ್ಗೆಯ ಅಚ್ಚೇ ತಳದಲ್ಲಿ ಮೂಡುತ್ತದೆ.

ಐಸೋಪ್ರೊಪೈಲ್‌ನಲ್ಲಿ ಒರೆಸಿದರೆ ಮೇಲಿನ ಮಸಿ ಹೋಗುತ್ತದೆ, ಕರಕಲು ಹೋಗುವುದಿಲ್ಲ. ಕರಕಲಿನ ಇಂಗಾಲ ವಿದ್ಯುತ್ ಹರಿಸುವುದರಿಂದ ಅಂಚಿನ ಹತ್ತಿರ ತಾಮ್ರದ ಟ್ರ್ಯಾಕ್ ಇದ್ದರೆ ಇನ್ಸುಲೇಶನ್ ರೆಸಿಸ್ಟೆನ್ಸ್ ಅಳೆಯಲೇಬೇಕು. ಗಾಜಿನ ಧೂಳಿಗೆ ಹೆಪಾ, ಹೊಗೆಗೆ ಆಕ್ಟಿವೇಟೆಡ್ ಕಾರ್ಬನ್, ಎರಡೂ ಫಿಲ್ಟರ್ ಬೇಕು; ಕೊಟೇಶನ್‌ನಲ್ಲಿ ಇವು ಸೇರಿವೆಯೇ ನೋಡಿಕೊಳ್ಳಿ.

ಡೆಮೋಗೆ ನಿಮ್ಮದೇ ಪ್ಯಾನಲ್ ಒಯ್ಯಿರಿ. ಮೇಲಿನಿಂದ ತೆಗೆದ ಫೋಟೋ ಸಾಲದು, ಅಂಚನ್ನು ಅಡ್ಡ ಕೊಯ್ದು ಪಾಲಿಶ್ ಮಾಡಿಸಿ ಮೈಕ್ರೋಸ್ಕೋಪಿನಲ್ಲಿ ತೋರಿಸಲು ಹೇಳಿ.